ಕ್ಯಾಲೆಂಡರಿನ ಕಪ್ಪು ಚುಕ್ಕೆಗಳು

ಸತ್ತವರ ಸುಳಿವು, ದೆವ್ವ, ಗಾಳಿ ಅಂತ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ನಾರಾಯಣಗೂಡದ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು ನಾನು. ಮದುವೆಯಾಗಿ ಕಲಬುರಗಿಯಿಂದ ಹೈದರಾಬಾದಿಗೆ ಬಂದ ಹೊಸದರಲ್ಲಿ ಅತ್ತೆ ಉಪ್ಪು, ಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆಯಲು ಬಂದರೆ ಮುಖ ತಿರುಗಿಸಿ ನಗುತ್ತಿದ್ದೆ. ಇದನ್ನು ಓದಿ ನೀವು ನಕ್ಕರೂ ನನ್ನ ತಕರಾರಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ನಮ್ಮ ಮಗಳು ಪಲ್ಲವಿಗೆ ಐದು ತುಂಬುವ ಹೊತ್ತಿಗೆ ಆ ಜ್ವರ ಶುರುವಾಯಿತು. ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗುವಳು, ಮೈ ಕೆಂಡದಂತೆ ಸುಡುವುದು. ಎರಡು ದಿನ, ಹೆಚ್ಚೆಂದರೆ ಮೂರು ದಿನ. ಆಮೇಲೆ ಏನೂ ಆಗೇ ಇಲ್ಲವೆಂಬಂತೆ ಎದ್ದು ಆಡುವಳು. ಕೆಲವು ವಾರ ಬಿಟ್ಟು ಮತ್ತೆ ಅದೇ ಗೋಳು. ಎಷ್ಟು ಪರೀಕ್ಷೆ ಮಾಡಿಸಿದರೂ ಒಂದು ರೋಗಾಣುವೂ ಸಿಗಲಿಲ್ಲ. ಆದರೂ ಪ್ರತಿ ಸಲ ಆಂಟಿಬಯೋಟಿಕ್ ಮಾತ್ರ ತಪ್ಪಲಿಲ್ಲ.

ಅತ್ತೆಗೆ ಅದು ಬರುವುದು ಹಿಂದಿನ ದಿನವೇ ತಿಳಿಯುತ್ತಿತ್ತು. ಮಗುವಿನ ಮೊಣಕಾಲು ಮುಟ್ಟಿ, "ನಾಳಿಗಿ ಕೂಸಿಗಿ ಜ್ವರಾ ಬರ್ತಾವ ನೋಡವಾ" ಅನ್ನುವರು. ಬರುತ್ತಿತ್ತು. ತಾರ್ನಾಕದ ನಮ್ಮ ಮನೆಯಲ್ಲಿ ಅಡುಗೆಮನೆಯ ಬಾಗಿಲ ಹಿಂದೆ ಊರಿನಿಂದ ತರಿಸಿದ ಕನ್ನಡ ಕ್ಯಾಲೆಂಡರು ತೂಗುತ್ತಿತ್ತು. ಅಂಕಿ ಬಿಟ್ಟರೆ ಬೇರೆ ಓದು ಬಾರದ ಅತ್ತೆ ಜ್ವರ ಬಂದ ತಾರೀಖಿನ ಮೇಲೆ ಕುಂಕುಮದ ಚುಕ್ಕೆ ಇಡುವರು. ನಡುನಡುವೆ ಕಪ್ಪು ಚುಕ್ಕೆಗಳೂ ಇದ್ದವು, ಮೊಮ್ಮಗಳಿಗೆಂದು ಅವರೇ ದೀಪದ ಮೇಲೆ ಹಿಡಿದ ಕಾಡಿಗೆಯವು. ಹಾಲಿನವನು ಬಾರದ ದಿನಗಳ ಗುರುತಿರಬೇಕೆಂದುಕೊಂಡು ನಾನು ಕೇಳಲೇ ಇಲ್ಲ.

ಆಷಾಢದಲ್ಲಿ ಅತ್ತೆ ಹೋದರು. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಕ್ಯಾಲೆಂಡರ್ ತೆಗೆಯಲು ನನ್ನ ಗಂಡನಿಗೆ ಮನಸ್ಸಾಗಲಿಲ್ಲ. ಕುಂಕುಮ ಇಡುವ ಕೆಲಸ ನನ್ನ ಪಾಲಿಗೆ ಬಂತು.

ದೀಪಾವಳಿ ಮುಗಿದ ಮೇಲೆ ಬಂದ ಜ್ವರದಲ್ಲಿ ಪಲ್ಲವಿಯ ಹೊಟ್ಟೆ ಕಲ್ಲಿನಂತಾಯಿತು. ಆಸ್ಪತ್ರೆಯಲ್ಲಿ ಅಪೆಂಡಿಕ್ಸ್ ಇರಬಹುದು, ಬೆಳಿಗ್ಗೆಯೇ ಆಪರೇಷನ್ ಎಂದರು. ಸಹಿ ಹಾಕುವ ಕಾಗದ ಕೈಯಲ್ಲಿ ಹಿಡಿದು ಕೂತಿದ್ದೆ. ಸಂಜೆ ಮಗುವನ್ನು ನೋಡಲು ಬಂದ ಹಿರಿಯ ವೈದ್ಯೆಯೊಬ್ಬರು, "ಮೊದಲು ಯಾವ್ಯಾವ ದಿನ ಬಂದಿತ್ತು? ಬರೆದಿಟ್ಟಿದ್ದೀರಾ ಅಮ್ಮಾ?" ಎಂದು ಹಿಂದಿಯಲ್ಲಿ ಕೇಳಿದರು. ಗಂಡ ಸ್ಕೂಟರಿನಲ್ಲಿ ಮನೆಗೆ ಹೋಗಿ ಕ್ಯಾಲೆಂಡರನ್ನೇ ಸುತ್ತಿಕೊಂಡು ತಂದರು.

ವೈದ್ಯೆ ಹಾಳೆಗಳನ್ನು ತಿರುವಿ ತಿರುವಿ ನೋಡಿದರು. ಆಪರೇಷನ್‌ಗೆ ಅವಸರ ಬೇಡ, ಇನ್ನೊಂದು ಸ್ಕ್ಯಾನ್ ಮಾಡಿಸಿ ನೋಡೋಣ ಎಂದರು. "ಇದು ಹೊರಗಿನಿಂದ ಬಂದ ರೋಗವಲ್ಲ ಅನಿಸುತ್ತದೆ. ಮೈಯೊಳಗೆ ಹುಟ್ಟಿನಿಂದಲೇ ಒಬ್ಬ ಕಾವಲುಗಾರ ಇರುತ್ತಾನೆ. ರೋಗಾಣು ಬಂದರೆ ಮೊದಲು ಬಡಿಗೆ ಎತ್ತುವವನು ಅವನೇ. ಇವಳಲ್ಲಿ ಕಳ್ಳ ಬಾರದಿದ್ದರೂ ಎದ್ದು ಮನೆಯವರನ್ನೇ ಬಡಿಯುತ್ತಿದ್ದಾನೆ." ಅದೇ ಪಾಠವನ್ನು ವರ್ಷವರ್ಷವೂ ಮಾಡುವ ನಾನು ಬಾಯಿ ಬಿಟ್ಟುಕೊಂಡು ಕೇಳುತ್ತ ಕೂತೆ. ಇದು ಮನೆತನದಲ್ಲಿ ಇಳಿದು ಬರುವಂಥದ್ದು, ನಿಮ್ಮಲ್ಲಿ ಇನ್ನಾರಿಗಾದರೂ ಇದೆಯೇ ಎಂದರು.

ಗಂಡ ನನ್ನತ್ತ ತಿರುಗಿ ಮೆಲ್ಲಗೆ, "ಅವ್ವಗ ಆಗಾಗ ಹೊಟ್ಟಿ ನೋವು ಬಂದು ಎರಡ್ ದಿನ ಮಲಗತಿದ್ದಳಲ್ಲ?" ಎಂದರು. ಆಮೇಲೆ ಅದನ್ನೇ ವೈದ್ಯೆಗೆ ಹಿಂದಿಯಲ್ಲಿ ಹೇಳಿದರು.

ನಾನು ತಲೆ ತಗ್ಗಿಸಿದೆ. ಆ ಮಲಗುವುದಕ್ಕೆ ನಾನು ಇಟ್ಟಿದ್ದ ಹೆಸರು ನಾಟಕ. ಅಂಥ ದಿನ ಅವರು ಕೇಳುತ್ತಿದ್ದುದು ಓಂಕಾಳಿನ ನೀರೊಂದೇ, "ಒಂದ್ ಲೋಟ ಅಜವಾನ ನೀರ ಕಾಸಿ ಕೊಡವಾ." ಕಾಲೇಜಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದೆ. ತವರಿಗೆ ಫೋನು ಮಾಡಿ, ಅವರಿಗೆ ಕೇಳಿಸುವಂತೆ ನಕ್ಕದ್ದೂ ಉಂಟು.

ವೈದ್ಯೆ ಕಪ್ಪು ಚುಕ್ಕೆಗಳ ಮೇಲೆ ಬೆರಳಾಡಿಸಿದರು. "ಹಾಗಾದರೆ ಇವು ಅಜ್ಜಿಯವು. ಅವರನ್ನೂ ಕರೆದುಕೊಂಡು ಬನ್ನಿ. ಹೋದ ಗುರುವಾರವೂ ಬಂದಿದೆಯಲ್ಲ, ಪಾಪ."

ಅವರ ಕೈಯಿಂದ ಕ್ಯಾಲೆಂಡರ್ ಕಸಿದುಕೊಂಡು ನೋಡಿದೆ. ಅತ್ತೆ ತೀರಿಹೋದ ಜುಲೈ ದಾಟಿ ಆಗಸ್ಟಿನಲ್ಲಿ ಎರಡು, ಸೆಪ್ಟೆಂಬರಿನಲ್ಲಿ ಒಂದು, ಅಕ್ಟೋಬರಿನಲ್ಲಿ ಒಂದು, ಮತ್ತೆ ಹೋದ ಗುರುವಾರ. ಕುಂಕುಮ ಇಡುವಾಗ ಕಣ್ಣಿಗೆ ಬಿದ್ದಿದ್ದರೂ ಹಾಲಿನ ಲೆಕ್ಕಕ್ಕೆ ಗಂಡ ಇಟ್ಟದ್ದೆಂದು ಬಿಟ್ಟಿರಬೇಕು. ಒರೆಸಿ ನೋಡಿದೆ. ಗುರುವಾರದ ಚುಕ್ಕೆ ಜಿಡ್ಡುಜಿಡ್ಡಾಗಿ ಬೆರಳಿಗೆ ಹತ್ತಿತು.

ಪಲ್ಲವಿಯ ಜ್ವರ ಮೂರನೆಯ ದಿನ ತಾನಾಗಿ ಇಳಿಯಿತು. ಆಪರೇಷನ್ ತಪ್ಪಿತು. ಮುಂದಿನ ಪರೀಕ್ಷೆಗಳಲ್ಲಿ ವೈದ್ಯೆ ಹೇಳಿದ್ದೇ ಖಾತ್ರಿಯಾಗಿ ಗುಳಿಗೆ ಶುರುವಾಯಿತು. ಇವತ್ತು ಅವಳು ನನ್ನ ಹೆಗಲೆತ್ತರ ಬೆಳೆದಿದ್ದಾಳೆ. ಆದರೆ ಆ ಚುಕ್ಕೆಗಳನ್ನು ಇಟ್ಟವರು ಯಾರು? ತಾನಲ್ಲವೆಂದು ಗಂಡ ಅವ್ವನ ಮೇಲೆ ಆಣೆ ಮಾಡಿದರು. ಮಗುವಿಗೆ ಕ್ಯಾಲೆಂಡರ್ ಎಟುಕುತ್ತಿರಲಿಲ್ಲ. ಮರೆವಿನಲ್ಲಿ ನಾನೇ ಇಟ್ಟೆನೇನೋ ಎಂದೂ ಯೋಚಿಸಿದ್ದೇನೆ. ಅತ್ತೆಯ ಟ್ರಂಕಿನಿಂದ ಕಾಡಿಗೆ ಡಬ್ಬಿ ತೆಗೆದು ನೋಡಿದರೆ ಅದು ಒಣಗಿ ಬಿರುಕು ಬಿಟ್ಟಿತ್ತು.

ಅವರು ಬಂದು ಹೋಗುತ್ತಿದ್ದಾರೆಂಬ ಹೆದರಿಕೆ ನನಗಿರಲಿಲ್ಲ. ಸತ್ತ ಮೇಲೂ ಅವರಿಗೆ ಹೊಟ್ಟೆ ನೋಯುತ್ತಿದೆಯಲ್ಲ ಎಂಬುದು ನನ್ನನ್ನು ಹಿಂಡಿಬಿಟ್ಟಿತು.

ಡಿಸೆಂಬರಿನ ಒಂದು ಬೆಳಿಗ್ಗೆ ಆ ದಿನದ ತಾರೀಖಿನ ಮೇಲೆಯೇ ಕಪ್ಪು ಚುಕ್ಕೆ ಕಂಡಿತು. ಕಾಲೇಜಿಗೆ ರಜೆ ಹೇಳಿದೆ. ಅಜವಾನ ಹಾಕಿ ನೀರು ಕಾಸಿ, ಲೋಟದಲ್ಲಿ ತುಂಬಿ ಅತ್ತೆಯ ಖಾಲಿ ಮಂಚದ ಪಕ್ಕ ಇಟ್ಟು, ಸಂಜೆಯವರೆಗೆ ಅಲ್ಲೇ ಕೂತೆ. ಆರಿದಾಗಲೆಲ್ಲ ಮತ್ತೆ ಬಿಸಿ ಮಾಡಿ ತಂದೆ. ದೀಪ ಹಚ್ಚುವ ಹೊತ್ತಿಗೂ ನೀರು ತುಂಬಿದಂತೆಯೇ ಇತ್ತು. ಒಯ್ದು ಕರಿಬೇವಿನ ಕುಂಡಕ್ಕೆ ಸುರಿದೆ.

ಆಮೇಲೆ ಕಪ್ಪು ಚುಕ್ಕೆ ಬೀಳಲಿಲ್ಲ. ಅವರ ನೋವೇ ನಿಂತಿತೋ, ಗುರುತು ಹಾಕುವುದನ್ನಷ್ಟೇ ನಿಲ್ಲಿಸಿದರೋ, ಇವತ್ತಿಗೂ ನನಗೆ ಗೊತ್ತಿಲ್ಲ.