ಬೀಗ ಹಾಕಿದ ಮನೆಗಳ ಮುಂದಿನ ರಂಗೋಲಿ

ಸುಮಿತ್ರಾ, ಆ ರಂಗೋಲಿಗಳನ್ನೆಲ್ಲ ಹಾಕಿದವಳು ನಾನೇ. ನೀನು ಮನೆ ನೋಡಲು ಬಂದ ಭಾನುವಾರ ಬೀದಿಯುದ್ದಕ್ಕೂ ಬಾಗಿಲು ಬಾಗಿಲಿಗೆ ಕಂಡೆಯಲ್ಲ — ಆ ಬಾಗಿಲುಗಳ ಹಿಂದೆ ಒಂದು ನರಪಿಳ್ಳೆಯೂ ಇರಲಿಲ್ಲ.

ದೊಡ್ಡಬಳ್ಳಾಪುರದ ಹೊರಗಿನ ಈ ಬಡಾವಣೆಯಲ್ಲಿ ಕಸ ಗುಡಿಸುವವಳು ನಾನು. ಮನೆ ಕೊಂಡವರೆಲ್ಲ ರೇಟು ಏರಲಿ ಎಂದು ಬೀಗ ಜಡಿದು ಹೋದವರು. ಗಿರಾಕಿ ಬರುವ ದಿನ ಸೂಪರ್‌ವೈಸರ್ ಹೇಳುತ್ತಿದ್ದ: "ಅಕ್ಕಾ, ಎಲ್ಲಾ ಮನೆ ಮುಂದೆನೂ ರಂಗೋಲಿ ಹಾಕ್ಬಿಡು. ಜನ ಇದ್ದಂಗೆ ಕಾಣ್ಬೇಕು." ಒಬ್ಬಳದೇ ಕೈ ಎಂದು ಗೊತ್ತಾಗಬಾರದಲ್ಲ — ಒಂದು ಮನೆಗೆ ಎಳೆ ಸೊಟ್ಟ ಬಿಡುತ್ತಿದ್ದೆ, ಇನ್ನೊಂದಕ್ಕೆ ಬಣ್ಣ ತುಂಬುತ್ತಿದ್ದೆ. ಅದರಲ್ಲೊಂದು ಜಂಬ ಬೇರೆ ನನಗೆ, ಥೂ!

ನೀನು ನನ್ನನ್ನೇ ಕೇಳಿದೆ, "ಅಕ್ಕಾ, ಇಲ್ಲೆಲ್ಲಾ ಜನ ಅವ್ರಾ?"

"ತುಂಬೋಗಿದೆ ಕಣವ್ವಾ. ಬೇಗ ತಗೊಂಡ್ಬಿಡು, ಮುಂದಿನ್ ತಿಂಗ್ಳು ಈ ರೇಟಿಗೆ ಸಿಗಲ್ಲ" ಅಂದೆ. ನನ್ನ ಬಾಯಿಗೆ ಹುಳ ಬೀಳ. ಮಗ್ಗಗಳನ್ನೂ ಮಗ್ಗದ ಶೆಡ್ಡನ್ನೂ ಮಾರಿ, ಮೇಲೆ ಸಾಲ ಮಾಡಿ ನೀವು ಮನೆ ಕೊಂಡಿರಿ. ಈಗ ನಿನ್ನ ಗಂಡ ಬೇರೆಯವರ ಮಗ್ಗದಲ್ಲಿ ಕೂಲಿಗೆ ನೇಯುತ್ತಾನೆ, ನೀನು ಈ ಬೀದಿಯಲ್ಲಿ ಒಬ್ಬಳೇ, ಹಗಲಲ್ಲೂ ಚಿಲಕ ಹಾಕಿಕೊಂಡು...

ರೇಟು ಏರಿದ್ದು ನಿಜ, ಪ್ರತಿ ಯುಗಾದಿಗೂ ಏರಿತು. ಆದರೆ ಈಗ ಒಂದೊಂದೇ ಗೇಟಿಗೆ 'ಮಾರಾಟಕ್ಕಿದೆ' ಎಂಬ ಬೋರ್ಡು ಬೀಳುತ್ತಿದೆ. ಕೊಳ್ಳುವವರು ಮಾತ್ರ ಪತ್ತೆಯಿಲ್ಲ. ಬೆಳಿಗ್ಗೆ ಪೊರಕೆ ಹಿಡಿದು ಬರುವಾಗ ಗೇಟುಗಳ ಕಡೆ ತಲೆ ಎತ್ತಲು ಹೆದರುತ್ತೇನೆ. ಎಲ್ಲರೂ ಒಟ್ಟಿಗೆ ಮಾರಲು ನಿಂತರೆ ನಿನ್ನ ಮನೆಯನ್ನು ಯಾರು ಕೇಳುತ್ತಾರೆ? ನೀನು ಕರೆದು ಕಾಫಿ ಕೊಟ್ಟಾಗಲೆಲ್ಲ ಅವತ್ತು ಯಾಕೆ ಸುಳ್ಳು ಹೇಳಿದೆ ಎಂದು ಇವತ್ತು ಕೇಳಿಯೇ ಬಿಡುತ್ತಾಳೆ ಎಂದುಕೊಂಡೇ ಲೋಟ ಖಾಲಿ ಮಾಡುತ್ತೇನೆ.

ನಿನ್ನೆ ನೀನು ಕೇಳಿದೆ. ನಾನು ಹೆದರಿದ್ದ ಮಾತನ್ನಲ್ಲ.

"ಅಕ್ಕಾ, ನಾಳಿದ್ದು ನಮ್ಮನೆ ನೋಡೋಕೆ ಗಂಡ ಹೆಂಡ್ತಿ ಬರ್ತಾವ್ರೆ. ಎಲ್ಲಾ ಮನೆ ಮುಂದೆನೂ ರಂಗೋಲಿ ಹಾಕ್ಬಿಡು... ಅವತ್ತಿನ ಥರಾನೇ."

ಅವತ್ತಿನ ಥರಾನೇ! ನಿನಗೆ ಗೊತ್ತಿತ್ತು. ಎಂದಿನಿಂದ, ಸುಮಿತ್ರಾ? ಗೊತ್ತಿದ್ದೂ ನನಗೆ ಕಾಫಿ ಕೊಡುತ್ತಿದ್ದೆಯಾ? ಪೊರಕೆ ಎತ್ತಿಕೊಂಡು ನಿನ್ನ ಗೇಟು ದಾಟಿ ಬಂದುಬಿಟ್ಟೆ.

ನಿನ್ನ ಮನೆ ಮಾರಿಹೋಗಲಿ ಎಂದು ದೇವರಿಗೆ ಕೈ ಮುಗಿಯುತ್ತಿದ್ದೇನೆ. ಆದರೆ ನಾಳೆ ಬೆಳಿಗ್ಗೆ ನಿನ್ನ ಬಾಗಿಲಿಗೆ ಮಾತ್ರ ರಂಗೋಲಿ ಹಾಕುತ್ತೇನೆ. ಬಂದವರು ಕೇಳಿದರೆ ಇರುವುದನ್ನೇ ಹೇಳುತ್ತೇನೆ. ಹೇಳಿದ ಮೇಲೆ ಎರಡನೇ ಸಲ ನಿನ್ನ ಮನೆ ಮುರಿದವಳು ನಾನೇ ಆಗುತ್ತೇನೆ — ಅದೂ ಗೊತ್ತು.