ಎಡೆ ಇಟ್ಟ ಭಾನುವಾರ

ಅಪ್ಪ ತೀರಿಕೊಂಡು ಐದು ವರ್ಷವಾದರೂ ಪಿತೃಪಕ್ಷದ ಎಡೆಗೆ ನನ್ನನ್ನು ಯಾರೂ ಕರೆದಿರಲಿಲ್ಲ. ಹೋದ ವರ್ಷ ತಮ್ಮನೇ ಫೋನ್ ಮಾಡಿದ.

“ಅಕ್ಕ, ಈ ಭಾನುವಾರ ಅಪ್ಪಂಗೆ ಎಡೆ ಇಡ್ತಿದ್ದೀವಿ. ಶನಿವಾರ ಬೆಳಿಗ್ಗೆನೇ ಬಂದ್ಬಿಡು, ಎರಡು ದಿನ ಇದ್ದು ಹೋಗು. ಅಮ್ಮ ದಿನಾ ನಿನ್ನನ್ನೇ ಕೇಳ್ತಾಳೆ.”

ನನ್ನ ಗಂಡನ ಮಾತನ್ನು ಅವನು ಎತ್ತಲಿಲ್ಲ. ಪಕ್ಕದಲ್ಲೇ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದ ಅವರಿಗೂ ಅದು ಕೇಳಿಸಿತ್ತು. “ಹೋಗಿ ಬಾ. ಅಮ್ಮನಿಗೂ ವಯಸ್ಸಾಯ್ತು” ಎಂದರು. ಅಷ್ಟೇ.

ನಮ್ಮದು ಕೋಗಿಲಿನ ಹಳೇ ಒಕ್ಕಲು ಮನೆ. ನನ್ನ ಗಂಡ ರಾಜಾನುಕುಂಟೆ ಕಡೆಯ ಒಂದು ಹಳ್ಳಿಯ ಕೇರಿಯವರು. ಯಲಹಂಕದಲ್ಲಿ ಕಾಲೇಜು ಓದುವಾಗ ಪರಿಚಯವಾಗಿ, ಆಮೇಲೆ ಇಬ್ಬರಿಗೂ ಕೆಲಸ ಸಿಕ್ಕ ಮೇಲೆ ರಿಜಿಸ್ಟರ್ ಮದುವೆ ಮಾಡಿಕೊಂಡೆವು. ಅವರು ಅರಸೀಕೆರೆಯಲ್ಲಿ ಹೈಸ್ಕೂಲಿನ ಗಣಿತದ ಮೇಷ್ಟ್ರು, ನಾನು ಅಲ್ಲೇ ನರ್ಸ್. ಮದುವೆಯ ಸುದ್ದಿ ಮುಟ್ಟಿದ ದಿನ ಅಪ್ಪ ಮನೆಯ ಮುಂದೆ ನಿಂತು, “ನನ್ನ ಪಾಲಿಗೆ ಅವಳು ಸತ್ಳು” ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳಿದನಂತೆ. ಆಮೇಲೆ ನಾನು ಆ ಮನೆಗೆ ಹೋದದ್ದು ಒಂದೇ ಸಲ, ಅಪ್ಪನ ಹೆಣ ನೋಡಲು. ಸಾವಿನ ಮನೆಯಲ್ಲಿ ಯಾರೂ ಯಾರಿಗೂ ಉಣ್ಣು ಎನ್ನುವುದಿಲ್ಲ. ಅತ್ತು, ಹಾಗೇ ವಾಪಸು ಬಂದಿದ್ದೆ.

ಶುಕ್ರವಾರ ಡ್ಯೂಟಿ ಮುಗಿಸಿ ಬಂದು ಕಜ್ಜಾಯ ಮಾಡಿದೆ. ಅಪ್ಪನಿಗೆ ಕಜ್ಜಾಯ ಅಂದರೆ ಪ್ರಾಣ. ಪಾಕ ಎಳೆಯದಾಗಿ ಮೊದಲ ನಾಲ್ಕು ಎಣ್ಣೆಯಲ್ಲೇ ಬಿಚ್ಚಿಕೊಂಡವು. ಉಳಿದವು ಚೆನ್ನಾಗಿ ಬಂದವು. ಸ್ಟೀಲ್ ಡಬ್ಬಿಗೆ ತುಂಬಿ, ಮುಚ್ಚಳದ ಮೇಲೆ ಬಟ್ಟೆ ಕಟ್ಟಿ ತೆಗೆದುಕೊಂಡು ಹೋದೆ.

ಯಶವಂತಪುರದ ಸ್ಟೇಷನ್ನಿಗೆ ತಮ್ಮ ಕಾರು ತಂದಿದ್ದ. ಮೈ ಬಂದಿತ್ತು, ಕೂದಲು ತೆಳ್ಳಗಾಗಿತ್ತು. ಈಗ ಅವನು ಮನೆ ಕಟ್ಟಿಸಿ ಮಾರುತ್ತಾನೆ. ನನ್ನ ಬ್ಯಾಗು ಕಿತ್ತುಕೊಂಡು, “ಮೊದ್ಲು ತಿಂಡಿ ತಿನ್ನೋಣ ಬಾ” ಎಂದು ಅಲ್ಲೇ ಹತ್ತಿರದ ಒಂದು ದರ್ಶಿನಿಗೆ ಕರೆದುಕೊಂಡು ಹೋದ. ನಿಂತುಕೊಂಡೇ ಇಡ್ಲಿ ವಡೆ ತಿಂದೆವು. ಅವನ ತಟ್ಟೆಯ ಚಟ್ನಿ ಮುಗಿದಿತ್ತು, ನನ್ನ ಚಟ್ನಿಯಲ್ಲೇ ವಡೆ ಅದ್ದಿಕೊಂಡ. ಚಿಕ್ಕವನಿದ್ದಾಗಲೂ ಹಾಗೇ ಮಾಡುತ್ತಿದ್ದ. ಕಾಫಿ ಕುಡಿಯುವಾಗ ನನಗೆ ಕಣ್ಣು ತುಂಬಿ ಬಂತು. ಎಲ್ಲ ಸರಿಹೋಯಿತು ಅಂದುಕೊಂಡೆ.

ಅಮ್ಮ ಗೇಟಿನಲ್ಲೇ ಕಾಯುತ್ತಿದ್ದಳು. ನನ್ನ ಎರಡೂ ಕೈ ಹಿಡಿದು, ಕೆನ್ನೆ ಸವರಿ, “ಎಷ್ಟು ಸೊರಗೋಗಿದ್ದೀಯವ್ವ” ಎಂದು ಅತ್ತಳು. ಹಟ್ಟಿಯಿದ್ದ ಜಾಗದಲ್ಲಿ ನಾಲ್ಕು ಅಂತಸ್ತಿನ ಮನೆ ಎದ್ದಿತ್ತು. ಅವರೆಲ್ಲ ಇರುವುದು ಮೊದಲನೇ ಮಹಡಿಯಲ್ಲಿ. ಬಾಗಿಲಲ್ಲಿ ತಮ್ಮನ ಹೆಂಡತಿ ನಿಂತಿದ್ದಳು. ಒಳ್ಳೆಯ ಮಾತಿನ ಹೆಣ್ಣು. “ಅತ್ತಿಗೆ, ಮೂರನೇ ಮಹಡೀಲಿ ಬಾಡಿಗೆಯವರು ಖಾಲಿ ಮಾಡಿದ್ದಾರೆ. ಮಂಚ, ಫ್ಯಾನು ಎಲ್ಲಾ ಇದೆ. ನೀವು ಅಲ್ಲಿ ಆರಾಮಾಗಿರಿ, ಇಲ್ಲಿ ಬರೀ ಗಲಾಟೆ” ಎಂದಳು. ಕಜ್ಜಾಯದ ಡಬ್ಬಿಯನ್ನು ಅಮ್ಮನ ಕೈಗೆ ಕೊಟ್ಟು ಮೇಲಕ್ಕೆ ಹೋದೆ.

ಮೇಲಿನ ಮನೆಯಲ್ಲಿ ಅರ್ಧ ಡಜನ್ ನೀರಿನ ಬಾಟಲಿ, ಒಂದು ಕಟ್ಟು ಪೇಪರ್ ಲೋಟ, ಒಂದು ಕಟ್ಟು ಪೇಪರ್ ತಟ್ಟೆ ಇಟ್ಟಿದ್ದರು. ಮಧ್ಯಾಹ್ನ ಮೊಬೈಲಿನಲ್ಲಿ ಆರ್ಡರ್ ಮಾಡಿದ ಬಿರಿಯಾನಿ ಬಂತು. ಅಮ್ಮ ನನ್ನ ಎದುರು ಕುರ್ಚಿ ಎಳೆದುಕೊಂಡು ಕೂತು, “ಉಣ್ಣು, ಉಣ್ಣು” ಎನ್ನುತ್ತಿದ್ದಳು. ನೀನೂ ಒಂದು ತುತ್ತು ತಿನ್ನು ಎಂದರೆ, “ಇವೆಲ್ಲಾ ನಂಗೆ ಸೇರಾಕಿಲ್ಲ ಕಣವ್ವ” ಎಂದಳು. ಸಂಜೆ ಕಾಫಿಯೂ ಪೇಪರ್ ಲೋಟದಲ್ಲೇ ಬಂತು. ದುಡ್ಡು ಬಂದ ಮೇಲೆ ಜನ ಹೀಗೇ ಇರುತ್ತಾರೇನೋ, ಪಾತ್ರೆ ತೊಳೆಯುವುದಕ್ಕೆ ಬೇಜಾರೇನೋ ಅಂದುಕೊಂಡೆ. ನರ್ಸ್ ಕೆಲಸದವಳು ನಾನು, ಒಂದೇ ಸಲ ಬಳಸಿ ಎಸೆಯುವ ಸಾಮಾನು ನನಗೆ ಹೊಸದಲ್ಲ.

ಕತ್ತಲಾಗುವ ಹೊತ್ತಿಗೆ ಕೆಳಗಿನಿಂದ ಉಪ್ಪೆಸರಿನ ವಾಸನೆ ಬಂತು. ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿಗೆ ಹಸಿಮೆಣಸಿನಕಾಯಿ ಬೆಳ್ಳುಳ್ಳಿ ಖಾರ ಕಲಸಿ ಮುದ್ದೆಗೆ ಹಾಕಿಕೊಳ್ಳುವ ಆ ಸಾರನ್ನು ಅಮ್ಮನ ಹಾಗೆ ಮಾಡುವುದು ನನಗೆ ಇವತ್ತಿಗೂ ಬಂದಿಲ್ಲ. ತಡೆಯಲಾಗಲಿಲ್ಲ. ಎರಡು ಮಹಡಿ ಇಳಿದು ಹೋದೆ. ಬಾಗಿಲು ತೆರೆದೇ ಇತ್ತು. ತಮ್ಮ ಟೇಬಲ್ಲಿನಲ್ಲಿ ಕೂತು ಸ್ಟೀಲ್ ತಟ್ಟೆಯಲ್ಲಿ ಮುದ್ದೆ ಮುರಿಯುತ್ತಿದ್ದ. ಅಮ್ಮ ಬಡಿಸುತ್ತಿದ್ದಳು.

“ಅಯ್ಯೋ ಅತ್ತಿಗೆ, ನೀವ್ಯಾಕೆ ಇಳಿದು ಬಂದ್ರಿ? ನಿಮಗೆ ಮಸಾಲೆ ದೋಸೆ ಹೇಳಿದೀವಿ, ಇನ್ನೇನ್ ಬಂತು” ಎಂದು ತಮ್ಮನ ಹೆಂಡತಿ ಎದ್ದು ಬಾಗಿಲಿಗೇ ಬಂದಳು.

“ದೋಸೆ ಬೇಡ. ನಂಗೂ ಮುದ್ದೆ ಕೊಡು” ಎಂದೆ.

ತಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ. ಕೊನೆಗೆ ಅಮ್ಮನೇ ಹೇಳಿದಳು. “ಮುದ್ದೆ ಆಗೋಯ್ತು ಕಣವ್ವ.”

ಅವಳ ಮುಂದಿದ್ದ ಹಾಟ್‌ಬಾಕ್ಸಿನ ಮುಚ್ಚಳ ತೆಗೆದೇ ಇತ್ತು. ಅದರಲ್ಲಿ ಮೂರು ಮುದ್ದೆ ಇದ್ದವು. ನಾನು ನೋಡಿದ್ದನ್ನು ಅಮ್ಮನೂ ನೋಡಿದಳು. ಮುಚ್ಚಳ ಹಾಕಿದಳು.

ಮೇಲೆ ಹೋಗಿ ಹಾಸಿಗೆಯ ಮೇಲೆ ಕೂತೆ. ನೀರಿನ ಬಾಟಲಿಗಳು, ಪೇಪರ್ ಲೋಟ, ಎಲ್ಲ ಎದುರಿಗೇ ಇದ್ದವು. ನನಗೆ ನಮ್ಮ ದ್ರಾಕ್ಷಿ ತೋಟ ನೆನಪಾಯಿತು. ಈಗ ಅಲ್ಲೆಲ್ಲ ಲೇಔಟ್ ಆಗಿದೆ. ಶಾಲೆಗೆ ರಜೆ ಇದ್ದ ದಿನ ಅಪ್ಪನಿಗೆ ಬುತ್ತಿ ಒಯ್ಯುವುದು ನನ್ನ ಕೆಲಸ. ಅಪ್ಪ ಮೊದಲ ತುತ್ತನ್ನು ನನ್ನ ಬಾಯಿಗಿಟ್ಟು ಆಮೇಲೆ ತಾನು ಉಣ್ಣುತ್ತಿದ್ದ. ಕೇರಿಯಿಂದ ಕೂಲಿಗೆ ಬಂದ ಹೆಂಗಸರು ದೂರದಲ್ಲಿ ಕೂತು ಎಲೆಯ ಮೇಲೆ ಉಣ್ಣುತ್ತಿದ್ದರು. ನೀರು ಬೇಕೆಂದರೆ ಬೊಗಸೆ ಒಡ್ಡಬೇಕು. ತಂಬಿಗೆ ತಾಗದ ಹಾಗೆ ಮೇಲಿನಿಂದ ಹೊಯ್ಯುವುದನ್ನು ಅಪ್ಪ ನನಗೆ ಹೇಳಿಕೊಟ್ಟಿದ್ದ. ಒಂದು ಹನಿ ಚೆಲ್ಲದ ಹಾಗೆ ಹೊಯ್ಯುತ್ತಿದ್ದೆ. ಅದರಲ್ಲಿ ನನಗೆ ಜಂಬವೂ ಇತ್ತು. ನನ್ನ ಅತ್ತೆ, ಗಂಡನ ತಾಯಿ, ಅಂಥದ್ದೇ ಇನ್ನೊಬ್ಬರ ತೋಟದಲ್ಲಿ ಹಾಗೇ ಬೊಗಸೆಯಲ್ಲಿ ಕುಡಿದವರು. ಇಷ್ಟು ವರ್ಷ ಜೊತೆಯಲ್ಲಿದ್ದರೂ ನಾನು ಅವರಿಗೆ ಇದನ್ನು ಹೇಳಿಲ್ಲ.

ದೋಸೆ ಬಂತು. ಕಟ್ಟು ಬಿಚ್ಚಲಿಲ್ಲ.

ಭಾನುವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ನಿಂತಿದ್ದಾಗ ಎದುರು ಸೈಟಿನಲ್ಲಿ ಕಟ್ಟುತ್ತಿದ್ದ ಮನೆಯ ಮುಂದೆ ಗಾರೆ ಕೆಲಸದವರು ಕೂತು ಏನೋ ತಿನ್ನುತ್ತಿದ್ದರು. ಮಧ್ಯದಲ್ಲಿ ಹಾಸಿದ್ದ ಪೇಪರಿನ ಮೇಲೆ ನನ್ನ ಕಜ್ಜಾಯಗಳಿದ್ದವು. ನನ್ನ ಡಬ್ಬಿ ತೊಳೆದು, ಕಾಂಪೌಂಡ್ ಗೋಡೆಯ ಮೇಲೆ ಬೋರಲು ಹಾಕಿತ್ತು. ಅವರು ಖುಷಿಯಾಗಿ ತಿನ್ನುತ್ತಿದ್ದರು, ಅದರಲ್ಲಿ ಅವರ ತಪ್ಪೇನಿದೆ. ಕಾಫಿ ತಂದ ಅಮ್ಮನನ್ನು ಕೇಳಿದೆ.

“ಅಪ್ಪನಿಗೆ ಅಂತ ಮಾಡ್ಕೊಂಡು ಬಂದಿದ್ದೆ ಕಣಮ್ಮ.”

“ಅದನ್ನ ಎಡೆಗೆ ಇಕ್ಕಾಕಾಯ್ತದಾ? ದಾಯಾದಿಗಳೆಲ್ಲಾ ಬತ್ತಾರೆ. ಎಲ್ಲೀದು ಅಂತ ಕೇಳಿದ್ರೆ ಏನಂತ ಏಳಾನ? ನಿಮ್ಮಪ್ಪನೇ ಒಪ್ಪಾಕಿಲ್ಲ.”

“ಎಡೆಗೆ ಬೇಡ ಬಿಡು. ನೀನು ಒಂದಾದ್ರೂ ತಿಂದ್ಯಾ?”

ಅಮ್ಮ ಲೋಟವನ್ನು ಕಿಟಕಿಯ ಮೇಲಿಟ್ಟಳು. “ನಂಗೆ ಸಕ್ಕರೆ ಕಾಯಿಲೆ ಐತಂತೆ” ಎಂದಳು.

ನೆನ್ನೆ ಮಧ್ಯಾಹ್ನವಷ್ಟೇ ತನ್ನ ಮಾತ್ರೆಗಳನ್ನೆಲ್ಲ ನನ್ನ ಮುಂದೆ ಸುರಿದು ಯಾವುದು ಯಾವುದಕ್ಕೆ ಎಂದು ಕೇಳಿದ್ದಳು. ಬಿಪಿ ಮಾತ್ರೆ ಇತ್ತು, ಮಂಡಿ ನೋವಿನದು ಇತ್ತು. ಸಕ್ಕರೆ ಕಾಯಿಲೆಯದು ಒಂದೂ ಇರಲಿಲ್ಲ.

ಆಗಲೇ ಹೊರಟುಬಿಡಬೇಕಿತ್ತು. ಹೊರಡಲಿಲ್ಲ. ಅಪ್ಪನ ಎಡೆ ನೋಡಿಯೇ ಹೋಗೋಣ ಅನ್ನಿಸಿತು. ನಿಜ ಹೇಳಬೇಕೆಂದರೆ, ಎಲ್ಲೋ ಒಂದು ಕಡೆ ಇನ್ನೂ ಆಸೆ ಇತ್ತು.

ಮಧ್ಯಾಹ್ನ ಮೊದಲನೇ ಮಹಡಿಯ ನಡುಮನೆಯಲ್ಲಿ ಎಡೆ ಇಟ್ಟರು. ಅಪ್ಪನ ಫೋಟೋ, ಹೊಸ ಪಂಚೆ, ಮುಂದೆ ಬಾಳೆಲೆ. ಅದರ ಮೇಲೆ ಮುದ್ದೆ, ಬಾಡಿನ ಸಾರು, ಬೋಟಿ ಗೊಜ್ಜು, ವಡೆ, ತಮ್ಮನ ಹೆಂಡತಿ ಮಾಡಿದ ಕಜ್ಜಾಯ. ಪಕ್ಕದಲ್ಲಿ ಒಂದು ಕ್ವಾರ್ಟರ್ ಬ್ರಾಂದಿ, ಒಂದು ಕಟ್ಟು ಬೀಡಿ. ಬದುಕಿದ್ದಾಗ ಕುಡಿದು ಬಂದರೆ ಅಮ್ಮ ಬಾಗಿಲು ತೆಗೆಯುತ್ತಿರಲಿಲ್ಲ. ಈಗ ಅವಳೇ ಮುಚ್ಚಳ ತಿರುಚಿ ಲೋಟಕ್ಕೆ ಬಗ್ಗಿಸಿದಳು. ಧೂಪ ಹಾಕಿ, ಸತ್ತವರು ಬಂದು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಆಚೆ ನಿಂತೆವು. ಅಪ್ಪನ ಲೆಕ್ಕದಲ್ಲಿ ಅವತ್ತೇ ಸತ್ತವಳು ನಾನು. ನನಗೂ ಒಂದು ಎಲೆ ಹಾಕಬಹುದಿತ್ತು.

ಊಟ ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲಿ. ನೆಂಟರು ಒಂದಿಪ್ಪತ್ತು ಜನ ಇದ್ದರು. ಚಾಪೆ ಹಾಸಿ ಸಾಲಾಗಿ ಎಲೆ ಹಾಕಿದ್ದರು. ನಾನು ಹೋಗಿ ಕೊನೆಯ ಎಲೆಯ ಮುಂದೆ ಕೂತೆ. ನೀರು ಚಿಮುಕಿಸಿ ಎಲೆ ಒರೆಸಿಕೊಂಡೆ. ಅಪ್ಪನ ಅಣ್ಣ, ನನ್ನ ದೊಡ್ಡಪ್ಪ, ಆ ಕಡೆಯ ತುದಿಯಲ್ಲಿ ಕೂರುತ್ತಿದ್ದವನು ಹಾಗೇ ನಿಂತ. “ನಾನು ಆಮೇಲೆ ಉಣ್ತೀನಿ ಬಿಡ್ರಪ್ಪ” ಎಂದ. ಅವನ ಹಿಂದೆ ಇನ್ನೂ ಮೂವರು ಎದ್ದರು.

ತಮ್ಮ ಓಡಿಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತ. “ಅಕ್ಕ, ಪ್ಲೀಸ್. ಮೇಲೆ ಹೋಗು. ಎಲ್ಲಾ ಅಲ್ಲಿಗೇ ಕಳಿಸ್ತೀನಿ. ಸೀನ್ ಮಾಡ್ಬೇಡ.”

“ನಾನೇನ್ ಮಾಡ್ತಿದ್ದೀನೋ? ಉಣ್ಣೋಕ್ ಕೂತಿದ್ದೀನಿ ಅಷ್ಟೆ.”

“ನಂಗೇನಿಲ್ಲ ಅಕ್ಕ, ನಿಂಗೇ ಗೊತ್ತು. ನೆನ್ನೆ ನಿನ್ನ ತಟ್ಟೇಲೇ ಅದ್ಕೊಂಡು ತಿಂದೆ. ಆದ್ರೆ ನಾಳೆ ನಾನು ಇವರ ಮಧ್ಯನೇ ಬದುಕ್ಬೇಕಲ್ವಾ?”

“ನೆನ್ನೆ ಅಲ್ಲಿ ಇವರ್ಯಾರೂ ಇರ್ಲಿಲ್ಲ” ಎಂದೆ. ಅವನ ಮುಖ ಕೆಂಪಾಯಿತು. ಎದ್ದು ಹೋದ.

ದೊಡ್ಡಪ್ಪನಿಗೆ ಯಾರೋ ಸಮಾಧಾನ ಹೇಳಿದರು. ಅವನು ಮತ್ತೆ ಕೂತ. ಯಾಕೆ ಕೂತನೆಂದು ಬಡಿಸುವುದು ಶುರುವಾದಾಗ ತಿಳಿಯಿತು. ಮೊದಲು ಉಪ್ಪು. ಅದನ್ನು ತಂದದ್ದು ಅಮ್ಮ. ಒಂದೊಂದೇ ಎಲೆಯ ಮೂಲೆಗೆ ಚಿಟಿಕೆ ಉಪ್ಪು ಇಡುತ್ತಾ ಬಂದು ನನ್ನ ಮುಂದೆ ನಿಂತಳು. ಬೆರಳಲ್ಲಿ ಉಪ್ಪು ಹಿಡಿದಿದ್ದಳು. ಬಗ್ಗಿದಳು. ಆ ತುದಿಯಲ್ಲಿದ್ದ ದೊಡ್ಡಪ್ಪನ ಕಡೆ ಒಂದು ಸಲ ನೋಡಿದಳು. ಆಮೇಲೆ ಉಪ್ಪನ್ನು ವಾಪಸು ತಟ್ಟೆಗೆ ಹಾಕಿ ತಿರುಗಿ ಹೋದಳು.

ಅವಳ ಹಿಂದೆ ಪಲ್ಯ ಬಂತು, ಮುದ್ದೆ ಬಂತು, ಬಾಡಿನ ಸಾರು ಬಂತು. ಎಲ್ಲವೂ ನನ್ನ ಪಕ್ಕದ ಎಲೆಗೇ ನಿಂತವು. ಪಕ್ಕದಲ್ಲಿದ್ದ ಮುದುಕಿ, ಅಮ್ಮನ ಕಡೆಯ ನೆಂಟಳು, ತನ್ನ ಎಲೆಯನ್ನು ಸ್ವಲ್ಪ ಆಚೆ ಎಳೆದುಕೊಂಡಳು. ನಾನು ಏಳಲಿಲ್ಲ. ಅವರು ಸಾರು ಸುರಿಯುವುದನ್ನು, ಮೂಳೆ ಚೀಪುವುದನ್ನು, ಇನ್ನೊಂದು ಚೂರು ಹಾಕಿ ಎನ್ನುವುದನ್ನು ಕೇಳುತ್ತಾ ಖಾಲಿ ಎಲೆಯ ಮುಂದೆ ಕೂತೇ ಇದ್ದೆ. ಹಸಿವು ಜೋರಾಗಿತ್ತು. ನೆನ್ನೆ ಮಧ್ಯಾಹ್ನದ ಬಿರಿಯಾನಿಯ ಮೇಲೆ ಏನೂ ತಿಂದಿರಲಿಲ್ಲ. ಅಂಥ ಹೊತ್ತಿನಲ್ಲೂ ಆ ವಾಸನೆಗೆ ಬಾಯಲ್ಲಿ ನೀರೂರಿತಲ್ಲ, ಅದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಸಾಲು ಏಳುವಾಗ ನಾನೂ ಎಲೆ ಮಡಿಸಿ ಎದ್ದೆ. ನನ್ನ ಎಲೆ ನಾನೇ ಎತ್ತಿ ಬುಟ್ಟಿಗೆ ಹಾಕಿದೆ. ಮೇಲೆ ಹೋಗಿ ಬ್ಯಾಗು ತಂದೆ. ತಮ್ಮ, “ಡ್ರಾಪ್ ಮಾಡ್ತೀನಿ ಇರಕ್ಕ” ಎಂದು ಕಾರಿನ ಕೀ ಹುಡುಕುತ್ತಿದ್ದ. ನಾನು ಕಾಯಲಿಲ್ಲ. ಅಮ್ಮ ಕಾಣಲಿಲ್ಲ. ಕೋಗಿಲು ಕ್ರಾಸಿನವರೆಗೆ ನಡೆದು, ಅಲ್ಲಿಂದ ಆಟೋ ಹಿಡಿದೆ. ಕಜ್ಜಾಯದ ಡಬ್ಬಿ ಅಲ್ಲೇ ಉಳಿಯಿತು.

ಅರಸೀಕೆರೆ ಸ್ಟೇಷನ್ನಿಗೆ ಗಂಡ ಸ್ಕೂಟರ್ ತಂದಿದ್ದರು. ನನ್ನ ಮುಖ ನೋಡಿ ಬ್ಯಾಗು ತೆಗೆದುಕೊಂಡರು. ಮನೆಯಲ್ಲಿ ಅತ್ತೆ ಅನ್ನ, ತಿಳಿಸಾರು ಮಾಡಿಟ್ಟಿದ್ದರು. “ಬಾಡೂಟ ಉಂಡು ಬಂದೋಳಿಗೆ ಇದೇನು ರುಚಿಸ್ತದೆ” ಎಂದು ನಗುತ್ತಾ ಬಡಿಸಿದರು. ಮೂರು ಸಲ ಹಾಕಿಸಿಕೊಂಡೆ. ಮೂರನೇ ಸಲ ಹಾಕುವಾಗ ಅವರ ನಗು ನಿಂತಿತ್ತು. ಅವರು ನನ್ನನ್ನು ಯಾವತ್ತೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ವಿಷಯದಲ್ಲಿ ನನಗಿಂತ ಅವರಿಗೇ ಹೆಚ್ಚು ತಿಳಿದಿತ್ತು.

ಎರಡು ದಿನ ಬಿಟ್ಟು ಅಮ್ಮನ ಫೋನ್ ಬಂತು. ಅಳುತ್ತಿದ್ದಳು. “ಎಡೆ ದಿನ ಅನ್ನ ಮುಟ್ಟದೆ ಓದೆಯಲ್ಲವ್ವ. ನಿಮ್ಮಪ್ಪನ ಜೀವಕ್ಕೆ ಎಂಗಾಗಿರಬ್ಯಾಡ? ಮೊದಲಿಂದಾನೂ ಇಂಗೇ ನೀನು, ಹಟಮಾರಿ.”

ಕೂಗಾಡಬೇಕೆನಿಸಿತು. ಬಿಪಿ ಮಾತ್ರೆ ತಪ್ಪಿಸಬೇಡ ಎಂದಷ್ಟೇ ಹೇಳಿ ಫೋನ್ ಇಟ್ಟೆ.

ಈ ವರ್ಷವೂ ತಮ್ಮ ಫೋನ್ ಮಾಡಿದ. ರಜೆ ಸಿಗುವುದಿಲ್ಲ ಎಂದೆ. “ಹೌದಾ ಅಕ್ಕ, ಸರಿ ಬಿಡು” ಎಂದ. ಒಂದು ಸಲವೂ ಒತ್ತಾಯ ಮಾಡಲಿಲ್ಲ.