ಏಳನೆಯ ಹೋಲಿನ ಸೀಟಿ

ಗಂಗವ್ವ, ಆ ದಿನ ನಾನು ಸೀಟಿ ಊದಲಿಲ್ಲ. ಊದಿದೆ ಎಂದು ಹೇಳಿದ್ದು ಸುಳ್ಳು. ನೀವು ಮರಳಿನ ಗುಂಡಿಯಲ್ಲಿ ಬಗ್ಗಿ ನಿಂತಿದ್ದನ್ನು ನೋಡಿಯೂ ಹಸಿರು ಬಾವುಟ ಎತ್ತಿದೆ — ಆರು ವರ್ಷವಾಯಿತು, ಇವತ್ತಿನ ತನಕ ಈ ಮಾತನ್ನು ಯಾರಿಗೂ ಹೇಳಿರಲಿಲ್ಲ.

ನನ್ನ ಕೆಲಸ ನಿಮಗೆ ಗೊತ್ತಿತ್ತು. ದಕ್ಷಿಣ ಗೋವಾದ ಆ ರೆಸಾರ್ಟಿನ ಗಾಲ್ಫ್ ಮೈದಾನದಲ್ಲಿ ಆಟ ಎಲ್ಲೂ ನಿಲ್ಲದಂತೆ ನೋಡಿಕೊಳ್ಳುವ ಮಾರ್ಷಲ್. ನಿಧಾನವಾಗಿ ಆಡುವವರನ್ನು ಬದಿಗೆ ಸರಿಸಿ ಹಿಂದಿನವರಿಗೆ ದಾರಿ ಬಿಡಿಸುವುದು. ಮುಂದೆ ಜನ ಇರುವಾಗ ಯಾರೂ ಚೆಂಡು ಹೊಡೆಯದಂತೆ ತಡೆಯುವುದು. ಧಾರವಾಡದಿಂದ ಬಂದ ಹೊಸದರಲ್ಲೇ ಈ ಎರಡನ್ನೂ ಬಾಯಿಪಾಠ ಮಾಡಿದ್ದೆ. ಎರಡೂ ಎದುರುಬದುರಾದಾಗ ಯಾವುದು ಮೊದಲು — ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಚೆಂಡು ಹೊಡೆಯುವ ಜಾಗದಿಂದ ಕುಳಿಯವರೆಗಿನ ಏಳನೆಯ ಹೋಲಿನ ನಡುವೆ ದಿಬ್ಬ. ಹೊಡೆಯುವವರಿಗೆ ಆಚೆ ಏನಿದೆ ಕಾಣುವುದಿಲ್ಲ. ನಾನು ದಿಬ್ಬದ ಮೇಲೆ ನಿಂತು ಸೀಟಿ ಊದಬೇಕು, ನಿಮ್ಮಂಥ ಮೈದಾನದ ಕೆಲಸದವರು ಹೊರಗೆ ಸರಿದ ಮೇಲೆ, ಇನ್ನು ಹೊಡೆಯಬಹುದು ಎಂದು ಬಾವುಟ ಎತ್ತಬೇಕು. ಆ ಭಾನುವಾರ ಬೆಳಿಗ್ಗೆ ಮುಂದಿದ್ದ ನಾಲ್ವರು ಪ್ರತಿ ಹೊಡೆತಕ್ಕೂ ಫೋಟೋ ತೆಗೆದುಕೊಳ್ಳುತ್ತ ತಡ ಮಾಡಿದ್ದರು. ಹಿಂದೆ ಮೂರು ತಂಡಗಳು ಕಾಯುತ್ತಿದ್ದವು. ಮ್ಯಾನೇಜರ್ ವಾಕಿಟಾಕಿಯಲ್ಲಿ ಎರಡು ಸಲ ಬೈದರು. ಅಂತೂ ಆ ನಾಲ್ವರು ಮುಂದೆ ಹೋದರು. ಮರಳಿನಲ್ಲಿ ಅವರ ಹೆಜ್ಜೆಗುರುತು ಅಳಿಸಲು ನೀವು ರೇಕ್ ಹಿಡಿದು ಇಳಿದಿರಿ — ಅವರೇ ಅಳಿಸಿ ಹೋಗಬೇಕಾಗಿದ್ದ ಗುರುತು. ಸೀಟಿ ಊದಿದರೆ ನೀವು ಅರ್ಧಕ್ಕೆ ಬಿಟ್ಟು ಮೇಲೆ ಬರಬೇಕು, ಮತ್ತೆ ಇಳಿಯಬೇಕು, ಮತ್ತೆ ತಡ. ಚೆಂಡು ಅಷ್ಟು ದೂರ ಬರಲಾರದು ಅಂದುಕೊಂಡೆ. ಅಂದುಕೊಂಡೆನೋ, ಏನನ್ನೂ ಅಂದುಕೊಳ್ಳಲಿಲ್ಲವೋ — ಕೈ ಎತ್ತಿದೆ.

ಚೆಂಡು ನಿಮ್ಮ ಎಡಗಣ್ಣಿಗೆ ಬಡಿಯಿತು. ನೀವು ಮರಳಿನಲ್ಲೇ ಕುಳಿತುಬಿಟ್ಟಿರಿ. ಆ ಕಣ್ಣು ಹೋಯಿತು.

ಕೆಲವು ದಿನಗಳ ಮೇಲೆ ಆಫೀಸಿನಲ್ಲಿ ವಿಚಾರಣೆ. ಎರಡು ಸಲ ಊದಿದೆ, ಅವರೇ ಸರಿಯಲಿಲ್ಲ ಎಂದು ಮ್ಯಾನೇಜರಿಗೆ ಹಿಂದಿಯಲ್ಲಿ ಹೇಳಿದೆ. ಅಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ. ಹಾಗಾಗಿ ನಿಮ್ಮನ್ನು ಕೇಳುವವನೂ ನಾನೇ ಆದೆ.

"ಸೀಟಿ ಊದಿದ್ನಲ್ಲವ್ವಾ, ಕೇಳ್ಸಲಿಲ್ಲೇನು?"

ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ನೀವು ಕಿವಿ ಮುಟ್ಟಿ ನೋಡಿಕೊಂಡಿರಿ.

"ನೀವು ಊದೇನಿ ಅಂದ್ರ ಊದೇ ಇರ್ತೀರಿ. ನನಗ ಕೇಳ್ಸಿಲ್ರಿ. ಕಿವಿ ಮಂದ ಆಗ್ಯಾವೇನೋ."

ಅದನ್ನು ಒಂದಕ್ಷರ ಬಿಡದೆ ಹಿಂದಿಗೆ ತಿರುಗಿಸಿದೆ. ಕಿವಿ ಮಂದ ಎಂದು ಬರೆದುಕೊಂಡರು, ನಿಮ್ಮನ್ನು ಕೆಲಸದಿಂದ ತೆಗೆದರು. ನನಗೆ — ಏನೂ ಅನ್ನಿಸಲಿಲ್ಲ. ಊಟ ಮಾಡಿದೆ, ಮಧ್ಯಾಹ್ನದ ಪಾಳಿಗೆ ಹೋದೆ. ಆಮೇಲೆ ಎಷ್ಟೋ ದಿನ ಅದೇ ದಿಬ್ಬದ ಮೇಲೆ ನಿಂತೆ.

ಕಳೆದ ವಾರ ಕೆಪೆ ಊರಿನ ಸಂತೆಯಲ್ಲಿ ನಿಮ್ಮನ್ನು ಕಂಡೆ. ನಿಮ್ಮ ಮಗಳು ನಿಮ್ಮ ಕಿವಿಯ ಹತ್ತಿರ ಬಾಗಿ ಕೂಗಿ ಮಾತಾಡುತ್ತಿದ್ದಳು. "ಅವ್ವಗ ಕೇಳ್ಸಂಗಿಲ್ರಿ, ಯಾರೂ ಕೆಲಸಕ್ಕ ಕರಿಯಂಗಿಲ್ಲ" ಎಂದು ನನಗೆ ಹೇಳಿದಳು. ನಿಮ್ಮ ಮುಖ ನೋಡಲಾಗದೆ, ನೆಲ ನೋಡುತ್ತ, ಬಾಯೊಳಗೇ "ಹೆಂಗದೀರಿ ಗಂಗವ್ವ" ಎಂದೆ. ಆ ಗದ್ದಲದಲ್ಲಿ ಮಗಳಿಗೆ ಅದು ಕೇಳಿಸಲಿಲ್ಲ. ನೀವು ತಕ್ಷಣ ಉತ್ತರ ಕೊಟ್ಟಿರಿ.

"ಚಲೋ ಅದೀನ್ರಿ. ಕಿವಿ ಮಾತ್ರ ಕೇಳಂಗಿಲ್ಲ ನೋಡ್ರಿ."

ನಿಮ್ಮ ಕಿವಿಗೆ ಏನೂ ಆಗಿಲ್ಲ, ಗಂಗವ್ವ. ನನ್ನ ಮಾತನ್ನು ನಂಬಿ ನೀವು ನಿಮ್ಮ ಕಿವಿಯನ್ನೇ ನಂಬುವುದು ಬಿಟ್ಟಿರಿ — ಮನೆಯವರೂ ಬಿಟ್ಟರು.

ಇವತ್ತು ಬೆಳಿಗ್ಗೆ ನಡೆದದ್ದನ್ನೆಲ್ಲ ಬರೆದು ಮ್ಯಾನೇಜರಿಗೆ ಕೊಟ್ಟೆ. ಓದಿ, ಈಗೇಕೆ ಎಂದು ಕೇಳಿದರು. ಸಹಿ ಹಾಕಿ ಹೊರಬಂದೆ.

ನಾಳೆ ಕೆಪೆಗೆ ಬರುತ್ತೇನೆ. ನಿಮಗೆ ಓದಲು ಬಾರದು; ಮಗಳ ಎದುರಿಗೆ ಈ ಕಾಗದವನ್ನು ನಾನೇ ಓದಬೇಕು. ಕ್ಷಮಿಸಿ ಎಂಬ ಮಾತನ್ನು ಇದರಲ್ಲಿ ಬರೆದಿಲ್ಲ. ಓದಿ ಮುಗಿಸಿ ಅಲ್ಲೇ ಕೂತಿರುತ್ತೇನೆ, ನೀವು ಏನಾದರೂ ಅನ್ನುವ ತನಕ.